ಚಳಿನಾಡಿಗೊಂದು ಬೇಟೆನಾಯಿ

ನಮ್ಮ ಅಜ್ಜಯ್ಯನವರು ಎತ್ತನ್ನು ಕೊಳ್ಳಬೇಕಾದರೆ ಮೂರು ದಿನ ಯೋಚಿಸುತ್ತಿದ್ದರು. ನಾಯಿಯ ವಿಷಯದಲ್ಲಿ ಮೂರು ನಿಮಿಷವೂ ಯೋಚಿಸಿದವರಲ್ಲ. ಎತ್ತಿನ ಹಲ್ಲು, ಗೊರಸು, ಸುಳಿ, ಬಾಲದ ಕುಚ್ಚು ಎಲ್ಲವನ್ನೂ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಮಾರುವವನ ಮುಖವನ್ನೂ ಒಮ್ಮೆ ನೋಡಿದ ಮೇಲೆಯೇ ಅವರು ವ್ಯಾಪಾರಕ್ಕೆ ಕೈ ಚಾಚುತ್ತಿದ್ದುದು. ನಾಯಿಯಾದರೋ ತಾನಾಗಿಯೇ ಎಲ್ಲಿಂದಲೋ ಬಂದು ಅಂಗಳದಲ್ಲಿ ಮಲಗುತ್ತಿದ್ದಿತು. ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ಯಾವ ಕಾಲಕ್ಕೂ ನಾಲ್ಕೈದು ನಾಯಿಗಳಿಗೆ ಕಡಮೆಯಿರಲಿಲ್ಲ. ಅವುಗಳಲ್ಲಿ ಯಾವುದು ಹಳುವಿಗೆ ನುಗ್ಗಿ ಹಂದಿಯನ್ನು ಎಬ್ಬಿಸುವುದೋ ಅದು ಬೇಟೆಯ ನಾಯಿ. ಉಳಿದವು ಮನೆಯ ನಾಯಿಗಳು. ಆರಿಸುವ ಕೆಲಸವನ್ನು ಹಂದಿಯೇ ಮಾಡುತ್ತಿದ್ದಿತು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಶಾಸನವು ಬಂದ ಮೇಲೆ ಆ ಶಿಕಾರಿಯ ಕಾಲವು ಮುಗಿಯಿತು. ಕಾಡು ಕರಗಿಹೋದ ಬಗೆಯನ್ನು ಕಂಡವರು ಅದು ಮುಗಿದುದನ್ನು ಅನ್ಯಾಯವೆಂದು ಹೇಳಲಾರರು.

ಹೀಗಿರಲು, ಎತ್ತನ್ನು ಕೊಳ್ಳುವುದಕ್ಕಿಂತ ನಾಯಿಯನ್ನು ಕೊಳ್ಳುವುದು ಹೆಚ್ಚು ವಿಚಾರದ ಕೆಲಸವೆಂಬುದನ್ನು ನಾನು ಕಲಿಯಬೇಕಾದುದು ಅಮೆರಿಕದ ಉತ್ತರದಂಚಿನಲ್ಲಿ, ಮಿನ್ನೆಸೋಟ ಸಂಸ್ಥಾನದ ಡುಲೂತ್ ಎಂಬ ಊರಿನಲ್ಲಿ. ಉದ್ಯೋಗನಿಮಿತ್ತವಾಗಿ ಮೂವತ್ತು ವರ್ಷಗಳಿಗೂ ಹಿಂದೆ ಇಲ್ಲಿಗೆ ಬಂದು ನೆಲೆಸಿದೆವು. ಊರಿನ ಮುಂದೆ ಸುಪೀರಿಯರ್ ಎಂಬ ಮಹಾಸರೋವರ. ಬೆನ್ನಿಗೆ ಭೂರ್ಜ ವೃಕ್ಷಗಳ ಮತ್ತು ಸೂಚಿಪರ್ಣಿಗಳ ಕಾಡು. ಇಲ್ಲಿಯ ಚಳಿಯನ್ನು ಕುರಿತು ಹೆಚ್ಚು ಹೇಳಿದರೆ ವಾಚಕರು ನಂಬಲಿಕ್ಕಿಲ್ಲ. ಒಂದನ್ನು ಮಾತ್ರ ಹೇಳುವೆನು: ನಮ್ಮೂರಿಗೆ ಉತ್ತರದಲ್ಲಿರುವ ಟವರ್ ಎಂಬ ಹಳ್ಳಿಯ ಬಳಿ ೧೯೯೬ನೆಯ ಫೆಬ್ರವರಿ ೨ರಂದು ಶಾಖವು ಸೊನ್ನೆಗಿಂತ ೫೧ ಡಿಗ್ರಿ ಸೆಂಟಿಗ್ರೇಡ್ ಕೆಳಗಿಳಿದಿತ್ತು.

ಈ ನಾಡಿನಲ್ಲಿ ಬೇಟೆಯು ಕಾನೂನಿಗೆ ಒಳಪಟ್ಟ ಋತುಧರ್ಮ. ಪರವಾನಗಿ ಬೇಕು, ಇಂತಹ ಹಕ್ಕಿಗೆ ಇಂತಹ ತಿಂಗಳೆಂಬ ಗಡುವುಂಟು, ಗ್ರೌಸ್ ಎಂಬ, ನಮ್ಮ ಕಾಡುಕೋಳಿಯನ್ನು ನೆನಪಿಗೆ ತರುವ ಹಕ್ಕಿಯನ್ನು ದಿನಕ್ಕೆ ಐದಕ್ಕಿಂತ ಹೆಚ್ಚು ಹೊಡೆಯಕೂಡದು. ನೆರೆಮನೆಯ ಮುದುಕರೊಬ್ಬರು ನನ್ನನ್ನು ಮೊದಲು ಕಾಡಿಗೆ ಕರೆದೊಯ್ದರು. ಬಾಲ್ಯದ ಹಳುವಿನ ವಾಸನೆಯು ಐವತ್ತರ ಸಮೀಪದಲ್ಲಿ ಮತ್ತೆ ಮೂಗಿಗೆ ಬಡಿದಂತಾಯಿತು. ನಾಯಿಯಿಲ್ಲದೆ ಎರಡು ವರ್ಷ ಅಲೆದೆನು. ಹೊಡೆದ ಹಕ್ಕಿಗಳಲ್ಲಿ ಮೂರಕ್ಕೊಂದು ಪೊದೆಯಲ್ಲಿ ಸಿಕ್ಕದೆ ಹೋಯಿತು. ಕೊಂದುದನ್ನು ಕೈಗೆತ್ತಿಕೊಳ್ಳಲಾರದ ಬೇಟೆಯು ಪಾಪವೆಂದು ಅಜ್ಜಯ್ಯನವರೂ ಹೇಳುತ್ತಿದ್ದರು, ಈ ಮುದುಕರೂ ಹೇಳಿದರು. ಆದುದರಿಂದ ನಾಯಿಯನ್ನು ತರುವುದೆಂದು ನಿಶ್ಚಯವಾಯಿತು.

ಎಂತಹ ನಾಯಿ? ಇಂಗ್ಲೆಂಡಿನ ಶ್ರೀಮಂತರು ಒಂದೊಂದು ಕೆಲಸಕ್ಕೆ ಒಂದೊಂದು ಜಾತಿಯನ್ನು ಸಾಕಿದರು: ಹಕ್ಕಿಯಿರುವ ತಾಣವನ್ನು ತೋರಿಸಲು ಒಂದು, ಬಿದ್ದುದನ್ನು ಹೆಕ್ಕಿ ತರಲು ಇನ್ನೊಂದು. ಜರ್ಮನಿಯ ಕಥೆ ಬೇರೆ. ಅಲ್ಲಿ ೧೮೪೮ರ ಕ್ರಾಂತಿಯು ಪ್ರಭುಗಳ ಬೇಟೆಯ ಹಕ್ಕನ್ನು ಮುರಿಯಿತು. ಆಮೇಲೆ ಸಾಮಾನ್ಯ ಗೃಹಸ್ಥನೂ ಕೋವಿ ಹಿಡಿಯುವಂತಾದನು. ಅವನ ಮನೆಯಲ್ಲಿ ಹತ್ತು ನಾಯಿಗಳಿಗೆ ಅನ್ನವೆಲ್ಲಿಯದು? ಒಂದೇ ನಾಯಿಯು ಹೊಲದಲ್ಲಿ ಹುಡುಕಬೇಕು, ಹಕ್ಕಿಯ ವಾಸನೆ ಹತ್ತಿದೊಡನೆ ಕಾಲೆತ್ತಿ ಶಿಲೆಯಂತೆ ನಿಂತು ತೋರಿಸಬೇಕು, ಗಾಯಗೊಂಡುದರ ಜಾಡನ್ನು ಹಿಡಿಯಬೇಕು, ನೀರಿಗೆ ಹಾರಿ ಬಾತನ್ನು ತರಬೇಕು, ಸಂಜೆ ಮಕ್ಕಳೊಡನೆ ಒಲೆಯ ಮುಂದೆ ಮಲಗಬೇಕು. ಇಂತಹ ಸರ್ವಕಾರ್ಯದಕ್ಷವಾದ ನಾಯಿಗಳನ್ನು ಅವರು ಐವತ್ತು ಅರವತ್ತು ವರ್ಷಗಳ ದುಡಿಮೆಯಿಂದ ಸಿದ್ಧಪಡಿಸಿದರು. ನಮ್ಮಂತಹ ಒಂದು ನಾಯಿಯ ಸಂಸಾರಕ್ಕೆ ಇದಕ್ಕಿಂತ ಒಪ್ಪುವುದು ಬೇರೊಂದಿಲ್ಲ.

೨೦೦೯ರಲ್ಲಿ ನಾನು ಕೊಂಡುದು ಜರ್ಮನ್ ಶಾರ್ಟ್‌ಹೇರ್ಡ್ ಪಾಯಿಂಟರ್ ಜಾತಿಯ ಹೆಣ್ಣುಮರಿ. ಕಗ್ಗಂದು ಬಣ್ಣ; ಎಣ್ಣೆ ಸವರಿದಂತೆ ಹೊಳೆಯುವ ಗಿಡ್ಡ ಕೂದಲು. ಅದಕ್ಕೆ ಕಾಳಿಯೆಂದು ಹೆಸರಿಟ್ಟೆನು. ಹತ್ತನೆಯ ಶತಮಾನದ ಆತಕೂರಿನ ಶಾಸನವನ್ನು ವಾಚಕರು ಕೇಳಿರಬಹುದು. ಮಣಲೆರನೆಂಬ ವೀರನು ಪರಾಕ್ರಮಕ್ಕೆ ಮೆಚ್ಚುಗೆಯಾಗಿ ಊರನ್ನೂ ಕೇಳದೆ, ಹೊನ್ನನ್ನೂ ಕೇಳದೆ, ಕಾಳಿಯೆಂಬ ನಾಯಿಯನ್ನು ಬೇಡಿ ಪಡೆದನಂತೆ. ಆ ನಾಯಿಯು ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಒಟ್ಟಿಗೆ ಸತ್ತವಂತೆ. ಸಾವಿರ ವರ್ಷದ ಆ ಹೆಸರನ್ನು ಇಡುವಾಗ ನನಗೆ ಕನ್ನಡದ ಹೆಮ್ಮೆಯಿತ್ತೇ ಹೊರತು, ಹೇಳಿದ ಕೆಲಸಕ್ಕೆ ಪ್ರಾಣವನ್ನೇ ಒಡ್ಡುವ ಸ್ವಭಾವವೂ ಆ ಹೆಸರಿನೊಳಗೆ ಇದೆಯೆಂಬ ಯೋಚನೆ ಬರಲಿಲ್ಲ.

ಕಾಳಿಯ ಗುಣವನ್ನು ಹೇಳತೊಡಗಿದರೆ ಈ ಲೇಖನವು ಅವಳದೇ ಆದೀತು. ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿ ಅವಳಿಗೆ ಸಮನಾದ ನಾಯಿಯನ್ನು ನಾನು ಕಾಣಲಿಲ್ಲ. ಆದರೆ ಬಾತುಗಳು ಉತ್ತರದಿಂದ ಇಳಿಯುವುದು ನೀರು ಹೆಪ್ಪುಗಟ್ಟುವ ಕಾಲದಲ್ಲಿ. ೨೦೧೪ರ ನವೆಂಬರಿನಲ್ಲಿ ಒಂದು ಶನಿವಾರ, ಊರಿನಿಂದ ಗಂಟೆಯ ದಾರಿಯಲ್ಲಿದ್ದ ಕೆರೆಯ ದಡದಲ್ಲಿ ನಾನೂ ನೆರೆಯ ಮುದುಕರೂ ಕುಳಿತಿದ್ದೆವು. ಜೊಂಡಿನ ಬುಡದಲ್ಲಿ ಗಾಜಿನಷ್ಟು ತೆಳ್ಳಗೆ ಹಿಮವು ಕಟ್ಟಿದ್ದಿತು. ಮೂರು ಬಾತುಗಳು ಬಿದ್ದವು. ಎರಡನ್ನು ಕಾಳಿಯು ತಂದಳು. ಮೂರನೆಯದು ರೆಕ್ಕೆ ಮುರಿದುಕೊಂಡು ಕೆರೆಯ ನಡುವಿಗೆ ಈಜತೊಡಗಿತು. ನಾನು ಕೈ ಬೀಸಿದೆನು. ಅವಳು ಎದೆಯಿಂದ ಹಿಮವನ್ನು ಒಡೆಯುತ್ತ ಹೋದಳು. ಹದಿನೈದು ನಿಮಿಷವಾದ ಮೇಲೆ ಬಾತನ್ನು ಬಾಯಲ್ಲಿ ಹಿಡಿದು ಬಂದು, ಎಂದಿನಂತೆ ಕುಳಿತು, ನನ್ನ ಕೈಗೇ ಕೊಟ್ಟಳು. ನಾಯಿಗಳಿಗೆಂದು ಮಾಡಿದ ರಬ್ಬರಿನ ಬೆಚ್ಚನೆಯ ಕವಚವೊಂದನ್ನು ಹಿಂದಿನ ವರ್ಷವೇ ಕೊಂಡಿದ್ದೆನು. ಅದು ಕಾರಿನ ಹಿಂಭಾಗದಲ್ಲಿ ಭದ್ರವಾಗಿತ್ತು.

ಅವಳು ಗಡಗಡನೆ ನಡುಗುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ನಡುಕವು ನಿಂತಿತು. ನಾನು, 'ಸದ್ಯ, ಮೈ ಬೆಚ್ಚಗಾಯಿತು' ಎಂದು ಸಮಾಧಾನಪಟ್ಟೆನು. ಮುದುಕರು ಒಮ್ಮೆ ತಿರುಗಿ ನೋಡಿದವರು ಕೋವಿಯನ್ನು ಕೆಳಗಿಟ್ಟು ತಮ್ಮ ಕೋಟನ್ನು ಬಿಚ್ಚತೊಡಗಿದರು. ಒದ್ದೆಯಾದ ಮೈಯಲ್ಲಿ ನಡುಕವು ತಾನಾಗಿ ನಿಂತರೆ ಅದು ದೇಹವು ಸೋತುದರ ಲಕ್ಷಣವೆಂಬುದು ನನಗೆ ತಿಳಿದಿರಲಿಲ್ಲ. ಅವಳು ಎದ್ದು ಎರಡು ಹೆಜ್ಜೆಯಿಟ್ಟು ಕುಡಿದವರಂತೆ ತೂರಾಡಿದಳು. ಒರಸಿ, ಕೋಟಿನಲ್ಲಿ ಸುತ್ತಿ, ಕಾರಿನೊಳಗೆ ನನ್ನ ಎದೆಗೆ ಒತ್ತಿ ಹಿಡಿದುಕೊಂಡೆನು. ಮುದುಕರು ಕಾರನ್ನು ಓಡಿಸಿದರು. ಪಶುವೈದ್ಯೆಯು ನೋಡಿದಾಗ ಶಾಖವು ೩೨ ಡಿಗ್ರಿಯಿದ್ದಿತು. ನಾಯಿಗೆ ೩೮ ಡಿಗ್ರಿಯ ಮೇಲಿರುವುದು ಸಹಜ. ಬಿಸಿನೀರಿನ ಸೀಸೆಗಳನ್ನು ಬಟ್ಟೆಯಲ್ಲಿ ಸುತ್ತಿ ಎದೆ ಹೊಟ್ಟೆಗಳ ಪಕ್ಕದಲ್ಲಿಟ್ಟರು. ಕಾಲುಗಳನ್ನು ಉಜ್ಜಕೂಡದೆಂದರು, ಅಲ್ಲಿಯ ತಣ್ಣನೆಯ ರಕ್ತವು ಒಮ್ಮೆಗೇ ಗುಂಡಿಗೆಗೆ ನುಗ್ಗೀತೆಂಬ ಭಯದಿಂದ. ರಾತ್ರಿ ಹತ್ತರ ಹೊತ್ತಿಗೆ ಅವಳು ಬಾಲವನ್ನು ಅಲ್ಲಾಡಿಸಿದಳು.

ಮನೆಗೆ ಬಂದು ನಡೆದುದನ್ನೆಲ್ಲ ಹೇಳಿ, "ಈ ಜಾತಿಯ ಕೂದಲು ಬಹಳ ಗಿಡ್ಡ, ಇಲ್ಲಿಯ ನೀರಿಗೆ ಹೇಳಿಸಿದುದಲ್ಲ" ಎಂದೆನು. ನನ್ನ ಹೆಂಡತಿಯು ನಾಯಿಗೆ ಕಂಬಳಿ ಹೊದಿಸುತ್ತಿದ್ದವಳು ತಲೆಯೆತ್ತದೆಯೇ, "ಅದರ ಕೂದಲು ಚಿಕ್ಕದಾದುದು ತಪ್ಪೋ, ನಿಮ್ಮ ಆಸೆ ದೊಡ್ಡದಾದುದು ತಪ್ಪೋ?" ಎಂದು ಕೇಳಿದಳು.

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಕಾಳಿಯು ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ನಾನು ಅವಳನ್ನು ನವೆಂಬರಿನ ನೀರಿಗೆ ಇಳಿಸಲಿಲ್ಲ. ದಡದಲ್ಲಿ ಕುಳಿತು, ಬೀಳುವ ಬಾತನ್ನು ನೋಡುತ್ತ, ನನ್ನ ಮುಖವನ್ನು ನೋಡುತ್ತ ಅವಳು ಕುಂಯ್‌ಗುಡುತ್ತಿದ್ದುದನ್ನು ಕೇಳಲಾರದೆ ಕೊನೆಗೆ ಕೆರೆಗೆ ಹೋಗುವುದನ್ನೇ ಬಿಟ್ಟೆನು. ೨೦೨೧ರ ಮಾರ್ಚಿಯಲ್ಲಿ ಅವಳು ತೀರಿಕೊಂಡಳು. ನೆಲವು ಇನ್ನೂ ಗಡ್ಡೆಕಟ್ಟಿದ್ದುದರಿಂದ ಹಿತ್ತಿಲಿನಲ್ಲಿ ಹುಗಿಯಲೂ ಆಗಲಿಲ್ಲ.

ಇನ್ನೊಂದು ನಾಯಿಯು ಬೇಡವೆಂದೇ ಕೆಲವು ತಿಂಗಳುಗಳು ಕಳೆದುವು. ಆಗ ನೆರೆಯ ಮುದುಕರು ೧೯೪೦ನೆಯ ನವೆಂಬರ್ ೧೧ರ ಕಥೆಯನ್ನು ನನಗೆ ಹೇಳಿದರು. ಅವರು ಮಿಸಿಸಿಪಿ ನದಿಯ ದಡದಲ್ಲಿರುವ ವಿನೋನಾ ಪಟ್ಟಣದ ಕಡೆಯವರು. ಆ ದಿನ ಬೆಳಗ್ಗೆ ಚೈತ್ರದಂತಹ ಬಿಸಿಲಿತ್ತಂತೆ. ಬೇಟೆಗಾರರು ಹಗುರವಾದ ಅಂಗಿಗಳನ್ನು ತೊಟ್ಟು ನದಿಯ ನಡುಗಡ್ಡೆಗಳಿಗೆ ದೋಣಿಯಲ್ಲಿ ಹೋದರು. ಮಧ್ಯಾಹ್ನಕ್ಕೆ ಬಿರುಗಾಳಿ, ಮಳೆ, ಹಿಮ. ಆಕಾಶದ ತುಂಬ ಎಂದೂ ಕಾಣದಷ್ಟು ಬಾತುಗಳು. ಆ ಬಾತುಗಳ ಆಸೆಗೇ ಹಲವರು ಹೊರಡದೆ ಉಳಿದರು, ಆಮೇಲೆ ಹೊರಡಲಾಗಲಿಲ್ಲ. ಆ ಬಿರುಗಾಳಿಯಲ್ಲಿ ನಡುನಾಡಿನ ಸಂಸ್ಥಾನಗಳಲ್ಲೆಲ್ಲ ಸುಮಾರು ೧೫೦ ಜನರು ಸತ್ತರು, ಮಿನ್ನೆಸೋಟದಲ್ಲಿಯೇ ೪೯, ಅವರಲ್ಲಿ ಹೆಚ್ಚುಕಡಮೆ ಅರ್ಧ ಜನ ಬಾತಿನ ಬೇಟೆಗಾರರು. ಮ್ಯಾಕ್ಸ್ ಕಾನ್ರಾಡ್ ಎಂಬ ವೈಮಾನಿಕನು ಆ ಗಾಳಿಯಲ್ಲಿಯೇ ಚಿಕ್ಕ ವಿಮಾನವನ್ನು ಹಾರಿಸಿ, ಸಿಕ್ಕಿಬಿದ್ದವರಿಗೆ ಮೇಲಿನಿಂದ ಆಹಾರ ಬೆಂಕಿಕಡ್ಡಿಗಳನ್ನು ಉದುರಿಸಿದನು. ಮುದುಕರ ತಂದೆಯು ಅಂದು ಜ್ವರ ಬಂದು ಮನೆಯಲ್ಲಿ ಮಲಗಿದ್ದನಂತೆ. "ನನ್ನ ತಂದೆಗೆ ಜ್ವರ ಬರದಿದ್ದರೆ ನಾನು ಅನಾಥನಾಗಿ ಬೆಳೆಯಬೇಕಾಗಿತ್ತು" ಎಂದು ಅವರು ನಕ್ಕರು. ಆಮೇಲೆ, "ನಾಯಿಯನ್ನು ಒಳ್ಳೆಯ ದಿನಕ್ಕಾಗಿ ಆರಿಸಬೇಡಿ, ಒಳ್ಳೆಯ ದಿನದಲ್ಲಿ ಎಲ್ಲ ನಾಯಿಯೂ ಒಳ್ಳೆಯದೇ. ಅದಕ್ಕೆ 'ಒಲ್ಲೆ' ಎನ್ನಲು ಬರುವುದಿಲ್ಲ" ಎಂದರು.

ಈ ಮಾತನ್ನು ಹಿಡಿದುಕೊಂಡು ನಾನು ಹುಡುಕತೊಡಗಿದೆನು. ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ಬೇಗನೆ ಶಾಖವನ್ನು ಸೆಳೆದುಕೊಳ್ಳುತ್ತದೆ. ಆದುದರಿಂದ ಒಣ ಹಿಮದಲ್ಲಿ ಓಡಾಡಬಲ್ಲ ನಾಯಿಯೆಲ್ಲವೂ ಒದ್ದೆಯ ಚಳಿಯನ್ನು ತಡೆಯಲಾರದು. ನಾಯಿಯ ಕೂದಲು ಎರಡು ಪದರವಾಗಿರಬೇಕು: ಒಳಗೆ ಚರ್ಮಕ್ಕೆ ಅಂಟಿದಂತೆ ಹತ್ತಿಯಂತಹ ದಟ್ಟವಾದ ಒಳಗೂದಲು, ಅದು ಗಾಳಿಯನ್ನು ಹಿಡಿದಿಡುವುದಕ್ಕೆ, ಹೊರಗೆ ಎಣ್ಣೆಜಿಡ್ಡಿನ ಒರಟು ಹೊರಗೂದಲು, ಅದು ನೀರನ್ನು ಜಾರಿಸುವುದಕ್ಕೆ. ಹಾಗೆಂದು ಉದ್ದವಾಗಿದ್ದರೆ ಸಾಲದೆ ಎನ್ನುವಿರಾ? ಉದ್ದವಾದ ಮೃದುವಾದ ಕೂದಲಿಗೆ ಹಿಮವು ಉಂಡೆಯುಂಡೆಯಾಗಿ ಅಂಟಿಕೊಂಡು, ಹೊಟ್ಟೆಯ ಕೆಳಗೆ ಗಂಟೆ ಕಟ್ಟಿದಂತೆ ತೂಗಾಡುತ್ತದೆ. ಕಾಲ್ಬೆರಳುಗಳ ನಡುವೆ ಸೇರಿ ನಡೆಯಗೊಡುವುದಿಲ್ಲ. ಒಂದರಿಂದ ಎರಡು ಅಂಗುಲದ, ಕೈಗೆ ತಂತಿಯಂತೆ ಚುಚ್ಚುವ ಕೂದಲೇ ಪ್ರಶಸ್ತ. ಮೈಯ ಗಾತ್ರವೂ ಮುಖ್ಯ. ದೊಡ್ಡ ಹಂಡೆಯ ನೀರು ಚೊಂಬಿನ ನೀರಿಗಿಂತ ನಿಧಾನವಾಗಿ ಆರುವಂತೆ, ಇಪ್ಪತ್ತೈದು ಕಿಲೋ ತೂಗುವ ನಾಯಿಯು ಹದಿನೈದು ಕಿಲೋ ತೂಗುವುದಕ್ಕಿಂತ ಹೆಚ್ಚು ಹೊತ್ತು ಚಳಿಯನ್ನು ಸಹಿಸುತ್ತದೆ. ಇದೇ ಕಾರಣದಿಂದ ಬ್ರಿಟನಿಯೆಂಬ ಮುದ್ದಾದ ಚಿಕ್ಕ ಜಾತಿಯನ್ನು ಮನಸ್ಸಿಲ್ಲದ ಮನಸ್ಸಿನಿಂದ ಬಿಟ್ಟೆನು.

ಊರಿನಿಂದ ಫೋನಿನಲ್ಲಿ ಮಾತನಾಡಿದ ತಮ್ಮನು, "ಅಣ್ಣಯ್ಯಾ, ನಮ್ಮ ಮುಧೋಳದ ನಾಯಿಯನ್ನೇ ಒಯ್ಯಬಾರದೆ?" ಎಂದನು. ಮುಧೋಳದ್ದು ಬಯಲಿನಲ್ಲಿ ಕಣ್ಣಿನಿಂದ ಬೇಟೆಯನ್ನು ಕಂಡು ಓಡಿ ಹಿಡಿಯುವ ನಾಯಿ. ಆ ತೆಳು ಚರ್ಮ, ಆ ಬತ್ತಿದ ಹೊಟ್ಟೆ, ಬಿಸಿಲಿನ ಸೀಮೆಗೆಂದೇ ಆದುವು. ಇಲ್ಲಿ ಅದಕ್ಕೆ ಡಿಸೆಂಬರನ್ನು ಕಾಣುವ ಭಾಗ್ಯವಿರದು. ಆಫೀಸಿನ ಗೆಳೆಯರೊಬ್ಬರು ಹಸ್ಕಿಯನ್ನು ಹೇಳಿದರು. ಅದಕ್ಕೆ ಚಳಿಯು ತವರುಮನೆ, ನಿಜ. ಆದರೆ ಬಂಡಿಯೆಳೆದು ಓಡುವುದೇ ಅದರ ಹುಟ್ಟುಗುಣ. ಹಕ್ಕಿಯ ಮುಂದೆ ನಿಲ್ಲುವುದೂ ಇಲ್ಲ, ಕರೆದರೆ ಬರುವುದೂ ಅದರ ಇಷ್ಟ. ಲ್ಯಾಬ್ರಡಾರ್ ನೀರಿಗೆ ಎಣೆಯಿಲ್ಲದುದು. ಆದರೆ ನಿಂತು ತೋರಿಸುವ ಕೆಲಸವು ಆ ಜಾತಿಯದಲ್ಲ. ಬಾತಿನ ಬೇಟೆಯೊಂದನ್ನೇ ಮಾಡುವವರು ಬೇರೇನನ್ನೂ ನೋಡದೆ ಅದನ್ನೇ ತರಬಹುದು.

ಕೊನೆಗೆ ಉಳಿದುವು ತಂತಿಗೂದಲಿನ ಮೂರು ಜಾತಿಗಳು. ಮೊದಲನೆಯದು ಡ್ರಾಟ್‌ಹಾರ್, ಜರ್ಮನ್ ಭಾಷೆಯಲ್ಲಿ ಆ ಹೆಸರಿಗೆ ತಂತಿಗೂದಲೆಂದೇ ಅರ್ಥ. ೧೯೦೨ರಲ್ಲಿ ಸ್ಥಾಪಿತವಾದ ಅದರ ಸಂಘವು ಪರೀಕ್ಷೆಗಳಲ್ಲಿ ಗೆಲ್ಲದ ನಾಯಿಯಿಂದ ಸಂತಾನವನ್ನು ಪಡೆಯಗೊಡುವುದಿಲ್ಲ. ಎರಡನೆಯದು ಪೂಡೆಲ್‌ಪಾಯಿಂಟರ್, ನೀರಿನ ಪೂಡೆಲ್ ನಾಯಿಗೂ ಇಂಗ್ಲಿಷ್ ಪಾಯಿಂಟರಿಗೂ ಹುಟ್ಟಿದ ವಂಶ. ಮೂರನೆಯದು ಗ್ರಿಫನ್. ಈ ಗ್ರಿಫನ್ನಿನ ಹಿಂದೆ ಒಬ್ಬ ಮನುಷ್ಯನ ಜೀವಮಾನವಿದೆ. ೧೮೫೧ರಲ್ಲಿ ಹಾಲೆಂಡಿನಲ್ಲಿ ಹುಟ್ಟಿದ ಕೊರ್ತಾಲ್ಸ್ ಎಂಬವನು, ಸಿರಿವಂತರ ಮಗನಾಗಿದ್ದೂ ನಾಯಿಗಳ ಹುಚ್ಚು ಹಿಡಿಸಿಕೊಂಡು, ೧೮೭೪ರಲ್ಲಿ ಮೂಷ್ ಎಂಬ ಒಂದು ಹೆಣ್ಣುನಾಯಿಯನ್ನು ಕೊಂಡು ಈ ವಂಶವನ್ನು ಕಟ್ಟತೊಡಗಿದನು. ೧೮೮೭ರಲ್ಲಿ ಅದರ ಲಕ್ಷಣಪತ್ರವು ಸಿದ್ಧವಾಯಿತು. ೧೮೯೬ರಲ್ಲಿ, ಐವತ್ತು ತುಂಬುವ ಮೊದಲೇ, ಅವನು ತೀರಿಕೊಂಡನು. ಇಂತಹವರನ್ನು ಲೋಕವು ಹುಚ್ಚರೆನ್ನುತ್ತದೆ. ನನಗಂತೂ ಅವನ ಮೇಲೆ ಗೌರವವಿದೆ.

ಗುಣದಲ್ಲಿ ಡ್ರಾಟ್‌ಹಾರ್ ಎಲ್ಲಕ್ಕಿಂತ ಮೇಲೆಂದು ಹಲವರ ಮತ. ಆದರೆ ಅದು ನರಿ ಮುಂತಾದ ಜಂತುಗಳನ್ನು ಕಂಡರೆ ಕೊಲ್ಲದೆ ಬಿಡದ ತೀಕ್ಷ್ಣಸ್ವಭಾವದ್ದು. ನಮ್ಮ ಮನೆಯಲ್ಲಿ ಬೆಕ್ಕಿದೆ. ಅದೂ ಅಲ್ಲದೆ ನನಗೆ ಅರವತ್ತು ದಾಟಿದೆ. ಬಹಳ ಮುಂದೆ ಓಡುವ ನಾಯಿಯ ಹಿಂದೆ ನಾನು ಹೋಗಲಾರೆ. ಗ್ರಿಫನ್ ಕೋವಿಯ ಅಳವಿನಲ್ಲಿಯೇ ಹುಡುಕುತ್ತ, ಮತ್ತೆ ಮತ್ತೆ ತಿರುಗಿ ನೋಡುವ ನಾಯಿ. ಹೆಂಡತಿಯ ಮಾತೇ ಕೊನೆಯ ಮಾತಾಯಿತು: "ವರ್ಷದಲ್ಲಿ ನೀವು ಕಾಡಿಗೆ ಹೋಗುವುದು ನಲವತ್ತು ದಿನ. ಉಳಿದ ದಿನ ಅದು ನನ್ನ ಕಾಲಬುಡದಲ್ಲಿರುವುದು." ಅಜ್ಜಯ್ಯನವರ ಕಾಲದಲ್ಲಿ ನಾಯಿಯು ಹೊಸ್ತಿಲು ದಾಟಿದರೆ ಒನಕೆ ಬೀಳುತ್ತಿದ್ದಿತು. ಇಲ್ಲಿ ಸೊನ್ನೆಗಿಂತ ೩೦ ಡಿಗ್ರಿ ಕೆಳಗಿನ ರಾತ್ರಿಯಲ್ಲಿ ಅದನ್ನು ಹೊರಗೆ ಮಲಗಿಸುವವನನ್ನು ಮನುಷ್ಯನೆನ್ನಲಾಗದು.

೨೦೨೨ರ ಜನವರಿಯಲ್ಲಿ ವಿಸ್ಕಾನ್ಸಿನ್ನಿನ ಉತ್ತರಭಾಗದಲ್ಲಿ ಈ ನಾಯಿಗಳನ್ನು ಬೆಳೆಸುವ ದಂಪತಿಗಳ ಮನೆಗೆ ಹೋದೆವು. ಮರಿಗಳು ಇನ್ನೂ ಹುಟ್ಟಿರಲಿಲ್ಲ. ತಾಯಿಯನ್ನು ಚಳಿಗಾಲದಲ್ಲಿ ನೋಡಬೇಕೆಂಬುದೇ ನನ್ನ ಉದ್ದೇಶ. ಬೇಸಗೆಯಲ್ಲಿ ಒಳಗೂದಲು ಉದುರಿಹೋಗುವುದರಿಂದ ಆಗ ನೋಡಿ ಫಲವಿಲ್ಲ. ಒಂದೇ ಸೂಲಿನ ಮರಿಗಳಲ್ಲಿಯೂ ಒಂದು ತಂತಿಯಂತೆ, ಇನ್ನೊಂದು ಉಣ್ಣೆಯಂತೆ ಬೆಳೆಯುವುದುಂಟು; ಜಾತಿಯ ಹೆಸರನ್ನು ನಂಬಿ ಕಣ್ಣು ಮುಚ್ಚಿ ಕೊಂಡವರು ಆಮೇಲೆ ಕತ್ತರಿ ಹಿಡಿದು ಕೂರಬೇಕು. ತಾಯಿನಾಯಿಯನ್ನು ಒಂದು ಗಂಟೆ ಹಿಮದಲ್ಲಿ ಓಡಾಡಿಸಿದರು. ಅವಳು ಹಿಂದಿರುಗಿದಾಗ ಬೆನ್ನಿನ ಮೇಲೆ ಬಿದ್ದ ಹಿಮವು ಕರಗದೆ ಬಿಳಿದಾಗಿಯೇ ನಿಂತಿತ್ತು: ಒಳಗಿನ ಶಾಖವು ಹೊರಗೆ ಸೋರುತ್ತಿಲ್ಲವೆಂಬುದಕ್ಕೆ ಸಾಕ್ಷಿ. ಮೈಕೊಡವಿದೊಡನೆ ಎಲ್ಲವೂ ಉದುರಿತು. ಕಾಲ್ಬೆರಳುಗಳ ಸಂದಿಯನ್ನು ನೋಡಿದೆನು, ಉಂಡೆ ಕಟ್ಟಿರಲಿಲ್ಲ. ಎರಡು ಬೆರಳುಗಳಿಂದ ಕೂದಲನ್ನು ಬಿಡಿಸಿದರೆ ಚರ್ಮವು ಕಾಣಿಸದಷ್ಟು ಒಳಗೂದಲು. ನಾನು ಹೀಗೆ ಮೊಣಕಾಲೂರಿ ಕೂದಲನ್ನು ಕೆದಕುತ್ತಿರುವುದನ್ನು ಕಂಡು ಹೆಂಡತಿಯು ಕನ್ನಡದಲ್ಲಿ, "ಸುಳಿಯನ್ನೂ ನೋಡಿಬಿಡಿ" ಎಂದಳು. ಆ ಮನೆಯವರು ಏನೆಂದರೆಂದು ಕೇಳಲು, ಅದನ್ನು ಇಂಗ್ಲಿಷಿನಲ್ಲಿ ತಿಳಿಸಿಹೇಳುವಷ್ಟರಲ್ಲಿ ನನಗೆ ಸಾಕಾಯಿತು. ತಂದೆತಾಯಿಗಳ ಸೊಂಟದ ಕೀಲುಗಳ ಎಕ್ಸ್-ರೇ ಪ್ರಮಾಣಪತ್ರಗಳನ್ನೂ ಅವರು ತೋರಿಸಿದರು. ಎರಡು ವರ್ಷ ತುಂಬುವ ಮೊದಲು ಕೀಲಿನ ಪೂರ್ಣ ಪ್ರಮಾಣಪತ್ರವನ್ನು ಕೊಡುವುದಿಲ್ಲವಾದುದರಿಂದ ಆ ಕಾಗದವಿಲ್ಲದೆ ಮಾರುವವರ ಮರಿಯನ್ನು ಕೊಳ್ಳಬಾರದು.

ಮೇ ತಿಂಗಳಿನಲ್ಲಿ ಮರಿಯು ಮನೆಗೆ ಬಂದಿತು. ಆರು ತಿಂಗಳಾಗುವಷ್ಟರಲ್ಲಿ ಗಡ್ಡ, ಮೀಸೆ, ಪೊದೆಹುಬ್ಬು ಎಲ್ಲವೂ ಬೆಳೆದು ನಮ್ಮೂರಿನ ಹಳೆಯ ಪಟೇಲರನ್ನೇ ಹೋಲಿದುದರಿಂದ ಹೆಂಡತಿಯು ಅದಕ್ಕೆ ಪಟೇಲನೆಂದೇ ಹೆಸರಿಟ್ಟಳು. ಸರ್ವಕಾರ್ಯದಕ್ಷ ನಾಯಿಗಳ ಸಲುವಾಗಿ ೧೯೬೯ರಲ್ಲಿ ಉತ್ತರ ಅಮೆರಿಕದಲ್ಲಿ ಹುಟ್ಟಿದ ಸಂಘವೊಂದಿದೆ. ಹದಿನಾರು ತಿಂಗಳೊಳಗಿನ ಮರಿಗಳ ಸಹಜಶಕ್ತಿಯನ್ನು ಅದು ಪರೀಕ್ಷಿಸುತ್ತದೆ. ೨೦೨೩ರ ಜೂನಿನಲ್ಲಿ ಪಟೇಲನು ೧೧೨ಕ್ಕೆ ೧೦೬ ಅಂಕಗಳನ್ನು ಪಡೆದನು. ನೀರಿನಲ್ಲಿ ಪೂರ್ಣಾಂಕ. ಜಾಡು ಹಿಡಿಯುವಾಗ ಚಿಟ್ಟೆಯೊಂದರ ಹಿಂದೆ ಹೋದುದರಿಂದ ಅಲ್ಲಿ ಎರಡು ಹೋದುವು. ಪಟೇಲಿಕೆಗೆ ಇದು ಕುಂದೆಂದು ನಾನು ತಿಳಿಯಲಿಲ್ಲ.

ಆ ವರ್ಷದ ನವೆಂಬರಿನಲ್ಲಿ, ಒಂಬತ್ತು ವರ್ಷಗಳ ಮೇಲೆ, ಅದೇ ಕೆರೆಗೆ ಹೋದೆವು. ಪಟೇಲನಿಗೆ ಕವಚವನ್ನು ಮನೆಯಲ್ಲಿಯೇ ತೊಡಿಸಿದ್ದೆನು. ಮೊದಲನೆಯ ಬಾತನ್ನು ಅವನು ಆಟವಾಡಿದಂತೆ ತಂದು ಕೊಟ್ಟನು. ಕೊಡವಿದ ನೀರಿನಿಂದ ನಾನೇ ಹೆಚ್ಚು ನೆನೆದೆನು. ಒಳಗೂದಲಿಗೆ ಬೆರಳಿಟ್ಟರೆ ಒಣಗಿಯೇ ಇದ್ದಿತು. ಸಂಜೆಯ ಬೆಳಕು ಇಳಿಯುವ ಹೊತ್ತಿಗೆ ನಾಲ್ಕು ಬಾತುಗಳು ನೇರವಾಗಿ ನಮ್ಮ ಮೇಲೆಯೇ ಬಂದುವು. ಅಂತಹ ಸಂದರ್ಭವು ವರ್ಷಕ್ಕೊಮ್ಮೆ ದೊರೆತರೆ ಹೆಚ್ಚು. ಕೋವಿಯನ್ನು ಎತ್ತಿದೆನು. ಅವು ಬೀಳಬಹುದಾದ ಕಡೆಯಲ್ಲಿ, ಜೊಂಡಿನಿಂದಾಚೆಗೆ, ಬೆಳಗ್ಗೆ ಇಲ್ಲದಿದ್ದ ಹಿಮದ ಪಟ್ಟಿಯೊಂದು ಮಂಕಾಗಿ ಹೊಳೆಯುತ್ತಿದ್ದಿತು. ನಾಯಿಯನ್ನು ಹೊರುವಷ್ಟು ದಪ್ಪವೂ ಅಲ್ಲ, ಎದೆಯಿಂದ ಒಡೆಯುವಷ್ಟು ತೆಳುವೂ ಅಲ್ಲ. ಪಟೇಲನು ಮೈಯೆಲ್ಲ ಬಿಗಿಹಿಡಿದು, ಹಕ್ಕಿಗಳನ್ನಲ್ಲ, ನನ್ನನ್ನು ನೋಡುತ್ತಿದ್ದನು.

ಕೋವಿಯನ್ನು ಇಳಿಸಿ ತೋಟಾಗಳನ್ನು ಹೊರಗೆ ತೆಗೆದೆನು. ಬಾತುಗಳು ತಲೆಯ ಮೇಲೆ ಸುಯ್ಯೆಂದು ಹಾದುಹೋದುವು. ಮುದುಕರು ಏನನ್ನೂ ಕೇಳದೆ ಎದ್ದು ತಮ್ಮ ಚೀಲವನ್ನು ಹೆಗಲಿಗೇರಿಸಿದರು. ಕಾರಿನವರೆಗೂ ಪಟೇಲನು ನನಗಿಂತ ನಾಲ್ಕು ಮಾರು ದೂರದಲ್ಲಿಯೇ, ನನ್ನ ಗುರುತೇ ಇಲ್ಲದವನಂತೆ, ನಡೆದನು.

ಮನೆಗೆ ಬಂದಾಗ ಅವನ ಗಡ್ಡದಲ್ಲಿ ಹಿಮದ ಮಣಿಗಳು ತೋರಣ ಕಟ್ಟಿದ್ದುವು. "ಎಷ್ಟು?" ಎಂದು ಕೇಳಿದಳು ಹೆಂಡತಿ. "ಒಂದು" ಎಂದೆನು. ಅವಳು ನನ್ನ ಮುಖವನ್ನು ಒಮ್ಮೆ ನೋಡಿ, ಮೂಲೆಯಲ್ಲಿದ್ದ ಹಳೆಯ ಪಂಚೆಯನ್ನು ತಂದು ನೆಲಕ್ಕೆ ಕುಳಿತು ಅವನ ಗಡ್ಡವನ್ನು ಒರಸತೊಡಗಿದಳು. ಆ ಗಡ್ಡದಿಂದ ನಾಲ್ಕೂ ಕಡೆ ನೀರು ತೊಟ್ಟಿಕ್ಕುವುದಕ್ಕೆ ಮಾತ್ರ ಕೊರ್ತಾಲ್ಸನೂ ಉಪಾಯವನ್ನು ಹುಡುಕಲಿಲ್ಲವೆಂದು ಅವಳ ದೂರು ಇಂದಿಗೂ ಇದೆ.